ಮಾವನ ಕೋವಿಗೆ ಶೀತವಾಗಬಾರದು!

ನನ್ನ ಸೋದರಮಾವನ ಕೋವಿಗೆ ಇವತ್ತಿನವರೆಗೆ ಒಂದೇ ಒಂದು ಮಂಗವೂ ಹೆದರಿದ್ದಿಲ್ಲ. ಹಂದಿಗಳಂತೂ ಅದನ್ನು ಕಂಡೇ ಇಲ್ಲ. ಇಡೀ ವಂಡ್ಸೆ ಬದಿಯಲ್ಲಿ ಆ ಕೋವಿಯ ದೆಸೆಯಿಂದ ಹೆದರಿಕೊಂಡು ಬದುಕುತ್ತಿದ್ದವರು ಒಬ್ಬರೇ, ಅದರ ಮಾಲೀಕರು! ಎಂಥ ಹೆದರಿಕೆ ಅಂತೀರಿ? ಕೋವಿಗೆ ಶೀತವಾದರೆ ಏನು ಗತಿ ಅಂತ!

ಬೆಳೆ ರಕ್ಷಣೆಗೆಂದು ಸರ್ಕಾರ ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಕೋವಿ ಅದು. ಕೋವಿ ಬೆಳೆಯನ್ನು ಕಾಯುತ್ತದೆ ಅಂತ ಸರ್ಕಾರದ ಅಂದಾಜು. ಮಾವ ಬೆಳೆಯನ್ನು ದೇವರಿಗೆ ಬಿಟ್ಟು ಕೋವಿಯನ್ನು ಕಾಯುತ್ತಿದ್ದರು. ನನಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ಕುಂದಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅರ್ಜಿ ಟೈಪು ಮಾಡಿ ಕೊಡುವುದೂ ಉಂಟು. ಕೋವಿಯ ನವೀಕರಣ, ಕೋವಿಯ ಠೇವಣಿ, ಕೋವಿಯ ಬಿಡುಗಡೆ, ಹೀಗೆ ಮಾವನ ಸಂಸಾರದ ಸಮಸ್ತ ಕಾಗದಗಳೂ ನನ್ನ ಕೈಮೇಲೆಯೇ ಹೋಗಬೇಕು. ಅವರ ಮದುವೆಯ ಕಾಗದ ಒಂದು ದಿನವೂ ಬಂದದ್ದಿಲ್ಲ ನೋಡಿ!

ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ? ಜೂನ್‌ನಲ್ಲಿ ಬಾಗಿಲು ಉಬ್ಬಿದರೆ ಮತ್ತೆ ಮುಚ್ಚುವುದು ದೀಪಾವಳಿಗೆ. ಚಪ್ಪಲಿ, ಪರ್ಸು, ಗೋಡೆಯ ಮೇಲಿನ ಅಜ್ಜನ ಫೋಟೋ ಎಲ್ಲಕ್ಕೂ ಬೂಷ್ಟು. ಇಂಥ ಊರಿನಲ್ಲಿ ಕಬ್ಬಿಣವನ್ನು ತುಕ್ಕು ಹಿಡಿಯದಂತೆ ಕಾಪಾಡುವುದು ಸಾಮಾನ್ಯವಾ? ಮಾವ ಮರದ ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಹಾಕಿಸಿ ಕೋವಿಯನ್ನು ಬೆಚ್ಚಗೆ ನಿಲ್ಲಿಸಿದರು. ಬಟ್ಟೆಯ ಚೀಲ ನೀರು ಹೀರುತ್ತದೆಂದು ಅದನ್ನು ತೆಗೆದೊಗೆದರು. ವಾರಕ್ಕೆರಡು ಸಲ ಹಳೇ ಪಂಚೆಯ ತುಂಡಿನಲ್ಲಿ ಎಣ್ಣೆ ಉಜ್ಜುತ್ತಿದ್ದರು. ಅತ್ತೆಯ ಧಾರೆ ಸೀರೆ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಕಪ್ಪು ಚುಕ್ಕೆ ಹಿಡಿದು ಕೂತಿತ್ತು.

"ಹ್ವಾಯ್, ನನ್ ಸೀರಿಗೂ ಒಂದ್ ಬಲ್ಬ್ ಹಾಕ್ಸಿ ಕಾಂಬ," ಅಂದರು ಅತ್ತೆ.

"ಸೀರಿಗೆಂತ ಲೈಸೆನ್ಸ್ ಇತ್ತಾ?" ಅಂದರು ಮಾವ.

ಮುಗಿಯಿತಾ? ಇಲ್ಲ. ಹೊಸ ಚಪ್ಪಲಿ ಡಬ್ಬಿಯೊಳಗೆ ಸಣ್ಣ ಬಿಳಿ ಪೊಟ್ಟಣ ಇರುತ್ತದಲ್ಲ, ತೇವ ಹೀರುವ ಹರಳಿನದ್ದು? ಅದಕ್ಕಾಗಿ ಮಾವ ಕುಂದಾಪುರದ ಚಪ್ಪಲಿ ಅಂಗಡಿಗಳನ್ನೆಲ್ಲ ಸುತ್ತಿದರು. ಚಪ್ಪಲಿ ಬೇಡ, ಪೊಟ್ಟಣ ಮಾತ್ರ ಸಾಕು! ಕಡೆಗೆ ಒಬ್ಬ ಅಂಗಡಿಯವನು ನನ್ನ ಹತ್ತಿರ ಬಂದು, "ಅಕ್ಕಾ, ನಿಮ್ಮ ಮಾವ ಅದನ್ನ್ ತಿಂತ್ರಾ ಹ್ಯಾಂಗೆ?" ಅಂತ ಗುಟ್ಟಾಗಿ ಕೇಳಿದ.

ಕೋವಿ ಒಂದು ಕಡೆಯಾದರೆ ತೋಟೆ ಇನ್ನೊಂದು ಕಡೆ. ತೋಟೆ ಅಂದರೆ ಕೋವಿಗೆ ತುಂಬುವ ಮದ್ದುಗುಂಡು, ಬೆರಳುದ್ದದ ಕೆಂಪು ಪ್ಲಾಸ್ಟಿಕ್ಕಿನದ್ದು, ಬುಡದಲ್ಲಿ ಹಿತ್ತಾಳೆ. ಹತ್ತೇ ಹತ್ತು ಇದ್ದವು. ಎರಡನ್ನೂ ಒಟ್ಟಿಗಿಡಬಾರದು, ಎರಡರ ಕೀಲಿಕೈಯೂ ಒಬ್ಬರ ಹತ್ತಿರ ಇರಬಾರದು ಎಂಬುದು ಮಾವನ ಶಾಸನ. ಸರಿಯೇ. ಆದರೆ ಮಂಗಗಳಿಗೆ ಇದನ್ನು ಹೇಳುವವರು ಯಾರು? ಅವು ತೆಂಗಿನಮರಕ್ಕೆ ಬಂದ ಕೂಡಲೇ ಮಾವ ಕಪಾಟಿನ ಕೀಲಿಗೆ ಓಡುವುದು, ಅತ್ತೆ ತೋಟೆಯ ಕೀಲಿಗೆ ಓಡುವುದು, ನಡುಮನೆಯಲ್ಲಿ ಇಬ್ಬರೂ ಢಿಕ್ಕಿ ಹೊಡೆಯುವುದು! ಮಾವ ಸರ್ವಸನ್ನದ್ಧರಾಗಿ ಅಂಗಳಕ್ಕಿಳಿಯುವಾಗ ಮಂಗಗಳು ಎಳನೀರು ಕುಡಿದು, ಬುರುಡೆ ಎಸೆದು, ಪಕ್ಕದ ಮನೆಯ ಮರದಲ್ಲಿ ಹೇನು ಹೆಕ್ಕುತ್ತಾ ಕೂತಿರುತ್ತಿದ್ದವು. ಅಲ್ಲಿಗೆ ಲೈಸೆನ್ಸ್ ಇಲ್ಲ ಅಂತ ಮಾವ ಒಳಗೆ ಬರುತ್ತಿದ್ದರು.

ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಎಲ್ಲರೂ ಒಪ್ಪಿಸಿ ಮರೆತುಬಿಡುತ್ತಾರೆ. ಮಾವ ವಾರಕ್ಕೊಮ್ಮೆ ಎಣ್ಣೆಯ ಶೀಶೆ ಹಿಡಿದು ಬಸ್ಸು ಹತ್ತುತ್ತಿದ್ದರು. "ಅಲ್ಲಿ ಗ್ವಾಡಿ ಚಂಡಿ ಇತ್ತ್ ಮಾರಾಯ್ತಿ, ಗ್ವಾಡಿಗೆ ತಾಗ್ಸಿ ನಿಲ್ಸೀರ್!" ಅಂತ ಠಾಣೆಯ ಒದ್ದೆ ಗೋಡೆಯನ್ನು ನೆನೆದು ನನ್ನ ಅಂಗಡಿಯಲ್ಲಿ ಗೋಳಾಡುತ್ತಿದ್ದರು. ಬಯಲುಸೀಮೆಯಿಂದ ಬಂದ ಪೊಲೀಸಿನವರೊಬ್ಬರು ಮೂರನೇ ವಾರ ಕೈಮುಗಿದು, "ಯಜಮಾನ್ರೇ, ಇದು ಠಾಣೆ. ಬಾಣಂತಿ ವಾರ್ಡ್ ಅಲ್ಲ," ಅಂದರಂತೆ.

ಹೋದ ವರ್ಷ ತೋಟೆಯ ಚಿಂತೆ ಹತ್ತಿತು. ಕಪಾಟಿನ ಬಲ್ಬಿನ ಹತ್ತಿರ ಮದ್ದು ಇಡುವ ಹಾಗಿಲ್ಲ. ನಾನು ಮೊಬೈಲಿನಲ್ಲಿ ನೋಡಿ ಹೇಳಿದೆ: "ಮಾವ, ತಣ್ಣಗಿಪ್ಪ ಒಣ ಜಾಗದಗೆ ಇಡ್ಕಂಬ್ರ್."

"ನಮ್ಮೂರಗೆ ತಣ್ಣಗಿದ್ರೆ ಒಣ ಇಲ್ಲೆ, ಒಣ ಇದ್ರೆ ತಣ್ಣಗಿಲ್ಲೆ! ಅದನ್ನ್ ಬರ್ದವ ಎಲ್ಲಿಯಂವ?" ಅಂದರು.

ಎರಡೂ ಇರುವ ಜಾಗವೆಂದರೆ ಬ್ಯಾಂಕಿನ ಎಸಿ ಕೋಣೆ ಒಂದೇ ಎಂದು ಅವರಿಗೆ ಹೊಳೆಯಿತು. ನೇರ ಹೋಗಿ ಲಾಕರ್ ಕೇಳಿದರು. "ಏನಿಡ್ತೀರಿ ಸರ್, ಬಂಗಾರವಾ?" ಅಂತ ಅಲ್ಲಿಯ ಹುಡುಗಿ ನಗುತ್ತಾ ಕೇಳಿದಳು. ಮಾವ ಸುಳ್ಳು ಹೇಳುವ ಜನವೇ ಅಲ್ಲ. "ಅಲ್ಲ, ತೋಟೆ," ಅಂದರು. ಮುಂದಿನ ಹತ್ತು ನಿಮಿಷ ಆ ಬ್ಯಾಂಕಿನಲ್ಲಿ ಯಾವ ವ್ಯವಹಾರವೂ ನಡೆಯಲಿಲ್ಲ!

ಕಡೆಗೆ ಮಾವನ ತಲೆಗೆ ಬಂದದ್ದು ಅತ್ತೆಯ ಚಟ್ಲಿ ಡಬ್ಬಿ. ಚಟ್ಲಿ ಅಂದರೆ ಸೀಗಡಿ. ಬೇಸಗೆಯಲ್ಲಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿದರೆ, ಹೊರಗೆ ಎಂಥ ಮಳೆ ಹೊಯ್ದರೂ ಅದು ಗರಿಗರಿ. ಇಡೀ ಮನೆಯಲ್ಲಿ ತೇವ ಹೋಗದ ಒಂದೇ ಒಂದು ಜಾಗ! ತರ್ಕದಲ್ಲಿ ಎಲ್ಲಾದರೂ ತಪ್ಪಿದೆಯಾ ಹೇಳಿ? ಮಾವ ಚಟ್ಲಿಯನ್ನು ಬೇರೆ ಕಡೆ ಸುರಿದು, ಆ ಡಬ್ಬಿಗೆ ಹತ್ತು ತೋಟೆ ಹಾಕಿ, ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದರು. ಅತ್ತೆ ಆ ಮಳೆಗಾಲವಿಡೀ ಮೆತ್ತಗಾದ ಚಟ್ಲಿಯ ಚಟ್ನಿ ಅರೆದು, ಮಾವನಿಗೆ ಅದನ್ನೇ ಬಡಿಸಿ ಸೇಡು ತೀರಿಸಿಕೊಂಡರು.

ಮಳೆ ಬಿಟ್ಟಿತು. ಗದ್ದೆಯಲ್ಲಿ ತೆನೆ ಬಲಿಯುತ್ತಿತ್ತು, ಹಂದಿ ಇಳಿಯುವ ಕಾಲ. ಲೈಸೆನ್ಸ್ ನವೀಕರಣಕ್ಕೂ ವಾರವಷ್ಟೇ ಬಾಕಿ. ಠಾಣೆಯಲ್ಲಿ ಕೋವಿಯನ್ನೂ ತೋಟೆಯನ್ನೂ ತೋರಿಸಬೇಕು. ಮಾವ ಡಬ್ಬಿ ತೆಗೆದರು. ಹತ್ತೂ ತೋಟೆಗೆ ಚಟ್ಲಿಯ ವಾಸನೆ! ಇದನ್ನು ಠಾಣೆಗೆ ಹೇಗೆ ಒಯ್ಯುವುದು? ಅಂಗಳದ ಚಾಪೆಯಲ್ಲಿ ಸಾಲಾಗಿ ಇಟ್ಟು, ಕೋಲು ಹಿಡಿದು ಪಕ್ಕದಲ್ಲೇ ಕೂತರು. ಮದ್ದನ್ನು ಬಿಸಿಲಿಗೆ ಹಾಕಬಾರದು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಬಲ್ಬಿಗೂ ಹೆದರಿದ್ದ ಮಾವನಿಗೆ ಮಾತ್ರ ವಾಸನೆಯ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. "ಐದೇ ನಿಮಿಷ, ವಾಸ್ನಿ ಹೋಪುಕೆ," ಅಂದರಂತೆ. ಅಷ್ಟರಲ್ಲಿ ಫೋನು ಬಂತು. ತಿರುಗಿ ನೋಡುವಾಗ ಒಂದು ಕಾಗೆ ಚಾಪೆಯ ಮೇಲೆ. ಕೆಂಪಗಿದೆ, ಚಟ್ಲಿಯ ವಾಸನೆ ಬರುತ್ತಿದೆ, ಕಾಗೆ ಇನ್ನೇನು ಅಂದುಕೊಂಡೀತು? ಕಚ್ಚಿಕೊಂಡು ಹಾರಿಯೇ ಹೋಯಿತು!

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಾಗಲೇ ಮಾವ ನಿಂತಿದ್ದರು. ಮುಖ ಬಾಡಿತ್ತು.

"ಒಂದ್ ಅರ್ಜಿ ಬರಿ ಹೆಣ್ಣೆ. ಒಂದ್ ತೋಟೆ ಕಾಕಿ ಹೊತ್ಕಂಡ್ ಹೋಯ್ತ್ ಅಂದೇಳಿ."

ನಾನು ನಗುವುದನ್ನು ತಡೆಯಲು ಪ್ರಿಂಟರಿನ ಹಿಂದೆ ಬಗ್ಗಿದೆ. "ಮಾವ, ಹಂದಿ ಬಂದಿತ್, ಹೆದ್ರಿಸೂಕೆ ಒಂದ್ ಹೊಡ್ದೆ ಅಂದೇಳಿ ಬರಿತೆ. ಯಾರೂ ಕೇಂಬುದಿಲ್ಲೆ. ಕಾಕಿ ಅಂದ್ರೆ ಲೈಸೆನ್ಸ್ ಹೋತ್ತ್!"

"ಹೊಡಿಯದ್ದನ್ನ ಹೊಡ್ದೆ ಅಂದ್ರೆ ಅದ್ ಮುಗ್ದ್ಹೋಯ್ತ್ ಅಂದೇಳಿ ಲೆಕ್ಕ. ಅದ್ ಮುಗಿಲಿಲ್ಲ ಮಗಾ, ಎಲ್ಲೋ ಬಿದ್ಕಂಡಿತ್ತ್. ಕಾಕಿ ಅಂದೇ ಬರಿ."

ಬರೆದೆ. "ಸದರಿ ಕಾಗೆಯು ಸದರಿ ತೋಟೆಯನ್ನು ಎತ್ತಿಕೊಂಡು ಪಶ್ಚಿಮ ದಿಕ್ಕಿಗೆ ಹಾರಿರುತ್ತದೆ." ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಓದಿ ತೋರಿಸಿದೆ. ಸಾಲದೆಂದು ಫೋಟೋ ತೆಗೆದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಹಾಕಿದೆ. ಮುಂಬಯಿಯ ಚಿಕ್ಕಪ್ಪನಿಂದ ಬೈಂದೂರಿನ ಅಕ್ಕನವರೆಗೆ ಎಲ್ಲರೂ ನಕ್ಕದ್ದೇ ನಕ್ಕದ್ದು. ಕಾಗೆಗೆ ಲೈಸೆನ್ಸ್ ಮಾಡಿಸಿಕೊಡು ಅಂತ ಒಬ್ಬರು ಬರೆದರು. ನನಗೆ ಆ ದಿನವೆಲ್ಲ ಖುಷಿಯೋ ಖುಷಿ.

ನಾಲ್ಕನೆಯ ದಿನ ಅತ್ತೆಯ ಫೋನು ಬಂತು. "ನಿನ್ ಮಾವ ಮೂರ್ ದಿನ್ದಿಂದ ಹೊತ್ತಿಗ್ ಸರಿಯಾಯ್ ಉಣ್ಣುದಿಲ್ಲೆ. ಬೆಳಿಗ್ಗೆ ಹ್ವಾರೆ ಬಪ್ಪುದ್ ಕತ್ತಲಿಗೆ. ಒಂದ್ಸಲ ಬಂದ್ ಹೇಳ್."

ಮಧ್ಯಾಹ್ನ ಅಂಗಡಿ ಮುಚ್ಚಿ ಹೋದೆ. ಮಾವ ಮನೆಯಲ್ಲಿರಲಿಲ್ಲ. ಪಶ್ಚಿಮಕ್ಕೆ ಎರಡು ಗದ್ದೆ ದಾಟಿದರೆ ಅಂಗನವಾಡಿ. ಅದರ ಹಿತ್ತಲಿನಲ್ಲಿ, ಹಲಸಿನಮರದ ಬುಡದಲ್ಲಿ ಮಂಡಿಯೂರಿ, ತರಗೆಲೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಮೈಯೆಲ್ಲ ಕೆಸರು.

ನನ್ನ ನಾಲಿಗೆ ಸುಮ್ಮನಿರುತ್ತದಾ? "ಎಂತ ಮಾವ, ಲೈಸೆನ್ಸ್ ಉಳ್ಸೂಕೆ ಇಷ್ಟ್ ಪಾಡಾ?" ಅಂದೆ.

"ಲೈಸೆನ್ಸಾ? ಅದನ್ನ ಅರ್ಜಿ ಕೊಟ್ಟ್ ದಿನವೇ ಬಿಟ್ಟ್ ಬಂದೆ," ಅಂದರು ತಲೆ ಎತ್ತದೆ. "ಕೋವಿ, ಉಳ್ದ್ ಒಂಬತ್ ತೋಟೆ, ಎಲ್ಲಾ ಒಪ್ಸಿ ಬಂದೆ. ಒಂದ್ ತೋಟೆ ಕಾಯೂಕೆ ಆಗ್ದಿದ್ದಂವ ಕೋವಿ ಇಟ್ಕಂಬುದ್ ಎಂತಕ್ಕೆ?"

"ಮತ್ತೆ ಇದನ್ನ್ ಹುಡ್ಕೂದ್ ಎಂತಕ್ಕೆ?"

ಮಾವ ಅಂಗನವಾಡಿಯ ಕಿಟಕಿಯ ಕಡೆ ನೋಡಿದರು. ಒಳಗೆ ಮಕ್ಕಳು ಗಲಾಟೆ ಮಾಡುತ್ತಿದ್ದವು.

"ಅದ್ ಕೆಂಪ್ ಇತ್ತಲೆ ಮಗಾ. ಮಕ್ಕಳ್ ಹೆಕ್ಕಿದ್ರೆ ಬಾಯಿಗ್ ಹಾಕ್ತೊ, ಕಲ್ಲಗೆ ಕುಟ್ತೊ, ಒಲಿಗ್ ಹಾಕ್ತೊ, ಎಂತ ಗೊತ್ತ್? ಟೀಚರಿಗ್ ಹೇಳಿದ್ದೆ, ಮಕ್ಕಳನ್ನ್ ಹೊರ್ಗ್ ಬಿಡ್ಬೇಡಿ ಅಂದೇಳಿ. ಪಾಪ, ಮೂರ್ ದಿನ ಆಯ್ತ್, ಒಂದ್ ಮಗುವೂ ಹೊರ್ಗ್ ಬಂದ್ ಆಡ್ಲಿಲ್ಲ."

ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಚೂಡಿದಾರದ ತೋಳು ಮೇಲೆ ಮಾಡಿ ನಾನೂ ಕೂತು ಹುಡುಕಿದೆ. ಸಂಜೆಯ ಹೊತ್ತಿಗೆ ಏಣಿ ಇಟ್ಟು ಅಂಗನವಾಡಿಯ ಮಾಡು ಹತ್ತಿ ನೋಡಿದೆ. ಹಂಚಿನ ಸಂದಿಯಲ್ಲಿ ಸಿಕ್ಕಿತು. ತಿನ್ನಲಿಕ್ಕಾಗದ್ದೆಂದು ಕಾಗೆ ಅಲ್ಲೇ ಬಿಟ್ಟು ಹೋಗಿತ್ತು. ಒಂದು ಹಂಚು ಜಾರಿದ್ದರೆ ನೇರ ಅಂಗಳಕ್ಕೆ ಬೀಳುತ್ತಿತ್ತು.

ಮಾವ ಅದನ್ನು ಅಂಗವಸ್ತ್ರದಲ್ಲಿ ಸುತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಹತ್ತೂ ಸಿಕ್ತಲೆ ಮಾವ. ಕೋವಿ ವಾಪಸ್ ಕೇಂಬುಕೆ ಒಂದ್ ಅರ್ಜಿ ಬರಿಲಾ?" ಅಂದೆ.

"ಬ್ಯಾಡ ಮಗಾ," ಅಂದರು. "ಹಂದಿ ತಿಂದ್ರೆ ತಿನ್ಲಿ. ಭತ್ತ ಬಪ್ಪ್ ವರ್ಷ ಮತ್ತೆ ಬೆಳಿತ್ತ್."

ಠಾಣೆಗೆ ಹೋಗಲು ಬಸ್ಸಿಗೆ ನಿಂತಾಗ ನಾನು ಅವರ ಕೈ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಅವರು ಠಾಣೆಗೆ ಒಪ್ಪಿಸಬೇಕಾದ ಆ ಅಂಗವಸ್ತ್ರದ ಗಂಟು ಹಿಡಿದಿದ್ದರು.