ದಿಂಬಿನಂಗಡಿಯ ವೆಬ್‌ಸೈಟು

ಹೆಂಡತಿಯ ದಿಂಬಿನ ವ್ಯಾಪಾರವನ್ನು ಮುಗಿಲಿಗೇರಿಸಿಯೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ಅವಳು ಹತ್ತಿ ತುಂಬುತ್ತಿದ್ದಳು. ತಲೆಯೆತ್ತಲಿಲ್ಲ. ದೊಡ್ಡ ರಸ್ತೆಯಲ್ಲಿ ಹೊಸ ಮಳಿಗೆ ತೆರೆದ ಮೇಲೆ ನಮ್ಮ ಮನೆಯ ಮುಂದಿನ ಕೋಣೆಯ ಅಂಗಡಿಗೆ ಯಾರೂ ಕಾಲಿಡುತ್ತಿರಲಿಲ್ಲ. ಮಾರಾಟವಾಗದ ದಿಂಬುಗಳು ಕೋಣೆ ದಾಟಿ ಊಟದ ಮೇಜನ್ನೂ ಆಕ್ರಮಿಸಿದ್ದವು. ಹೀಗೇ ಆದರೆ ಹೊಲಿಗೆ ಯಂತ್ರ ಮಾರಿಬಿಡುವುದೇ ಸರಿ ಎನ್ನತೊಡಗಿದ್ದಳು.

"ವೆಬ್‌ಸೈಟ್ ಮಾಡೋಣ. ಬರೆಯೋ ಕೆಲಸ ನನಗೆ ಬಿಡು," ಎಂದೆ.

"ನನಗೆ ಅದೇ ಭಯ," ಎಂದಳು.

ಕಂಪ್ಯೂಟರ್ ಬಲ್ಲ ಬಾಮೈದ ಮೂರು ಸಾಲು ಬರಹ, ಫೋಟೋ, ಬೆಲೆ, ಫೋನ್ ನಂಬರು ಕೊಟ್ಟರೆ ಸಾಕು ಎಂದ. ಮೂರೇ ಸಾಲು! ನನ್ನಂಥವನಿಗೆ! ಕಿಟಕಿಯ ಬಳಿ ದಿಂಬಿನ ರಾಶಿಗೆ ಒರಗಿ ಕೂತೆ. ಹೊರಗೆ ಮೋಡ ತೇಲುತ್ತಿತ್ತು, ಒಳಗೆ ಬಿಸಿಲುಕೋಲಿನಲ್ಲಿ ಹತ್ತಿಯ ಎಳೆ ತೇಲುತ್ತಿತ್ತು. ಯಾವುದು ಹತ್ತಿ, ಯಾವುದು ಮೋಡ ಎಂಬ ಭೇದ ಅಳಿದು ಪೆನ್ನು ತಾನಾಗಿ ಹರಿಯಿತು. ಆದಿಮಾನವ ಕಲ್ಲಿನ ಮೇಲೆ ತಲೆಯಿಟ್ಟ ಮೊದಲ ಇರುಳಿನಿಂದ ಹೊರಟು, ಹತ್ತಿ ಹೂವಿನ ಮನಸ್ಸನ್ನು ಹೊಕ್ಕು, ಕನಸಿಗೂ ಕುತ್ತಿಗೆಗೂ ಇರುವ ನಂಟಿನವರೆಗೆ ಬಂದೆ. ಬೆಲೆ, ಫೋನ್ ನಂಬರುಗಳಂಥ ಲೌಕಿಕ ಸಂಗತಿಗಳಿಗೆ ಕಟ್ಟಕಡೆಯಲ್ಲಿ ಜಾಗ ಕೊಟ್ಟೆ. ಇಷ್ಟುದ್ದ ಯಾರು ಓದುತ್ತಾರೆ ಭಾವ ಎಂದು ಗೊಣಗುತ್ತಲೇ ಬಾಮೈದ ಹಾಕಿದ. ಕ್ಷೌರಿಕನಿಂದ ಹಿಡಿದು ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರವರೆಗೆ ಎಲ್ಲರಿಗೂ ವಿಳಾಸ ಹಂಚಿದೆ.

ನೋಡುಗರ ಸಂಖ್ಯೆ ಏರಿತು. ಬಂದವರೇ ದಿನಾ ಬರುತ್ತಿದ್ದಾರೆ ಎಂದು ಬಾಮೈದ ಬೆರಗಾದ. ನಾನು ನೆಲದಿಂದ ಗೇಣು ಮೇಲೆ ನಡೆಯತೊಡಗಿದೆ. ಆರ್ಡರು ಮಾತ್ರ ಒಂದೂ ಇಲ್ಲ.

ಗುಟ್ಟು ಬಯಲು ಮಾಡಿದವರು ಪಕ್ಕದ ಬೀದಿಯ ನಿವೃತ್ತ ಟೀಚರು. ಧನ್ಯವಾದ ಹೇಳಲೆಂದೇ ಬಂದಿದ್ದರು.

"ನಮ್ಮವರಿಗೆ ನಿದ್ದೆ ಅನ್ನೋದೇ ಇರಲಿಲ್ಲಮ್ಮ. ಈಗ ನಿಮ್ಮೆಜಮಾನ್ರು ಬರೆದಿದ್ದನ್ನ ತೆಗೆದು ಕೂತ್ರೆ ಆ ಕಲ್ಲು ದಾಟೋದ್ರೊಳಗೆ ಗೊರಕೆ. ಬಂಧುಬಳಗಕ್ಕೆಲ್ಲ ಹೇಳಿದೀನಿ."

"ಹಾಗಾದ್ರೆ ಒಂದು ದಿಂಬು ಕೊಡಲಾ ಮೇಡಂ?"

"ದಿಂಬು ಯಾಕಮ್ಮ, ಕುರ್ಚಿಯಲ್ಲೇ ನಿದ್ದೆ ಹೋಗ್ತಾರಲ್ಲ."

ಅವರು ಬೀದಿ ತಿರುಗುವವರೆಗೆ ತಡೆದುಕೊಂಡ ನನ್ನವಳು ಆಮೇಲೆ ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು. ನನ್ನ ಕಾವ್ಯವನ್ನು ಕಿತ್ತು ಹಾಕಿಸಿ, ಕೈಯಲ್ಲಿ ಹೊಲಿದದ್ದು, ಒಳಗೆ ಬರೀ ಹತ್ತಿ, ಕತ್ತು ನೋಯುವುದಿಲ್ಲ ಎಂದಷ್ಟೇ ಹಾಕಿಸಿದಳು. ಮರುದಿನವೇ ಫೋನು ಮೊಳಗಿತು. ಸ್ವಲ್ಪ ದಿನಕ್ಕೆ ನಮ್ಮ ಊಟದ ಮೇಜು ಬೆಳಕು ಕಂಡಿತು.

ಆದರೆ ಟೀಚರ ಮನೆಯಲ್ಲಿ ಮತ್ತೆ ನಿದ್ದೆ ಹಾರಿಹೋಯಿತು. ಅವರ ಗೋಳು ಕೇಳಲಾರದೆ ಹೆಂಡತಿ ಒಂದು ತೀರ್ಮಾನಕ್ಕೆ ಬಂದಳು: ನನ್ನ ಬರಹವನ್ನು ಮುದ್ರಿಸಿ ಪ್ರತಿ ದಿಂಬಿನ ಜೊತೆ ಉಚಿತವಾಗಿ ಕೊಡುವುದು. ನನ್ನ ಕಣ್ಣು ತುಂಬಿ ಬಂತು. ಅಚ್ಚಿಗೆ ಹೋಗುವ ಮುನ್ನ ತಪ್ಪು ತಿದ್ದಿಕೊಡುತ್ತೇನೆ ಎಂದೆ.

"ಬೇಡ, ನೀವು ಕೂತ್ರೆ ಇನ್ನಷ್ಟು ಸೇರಿಸ್ತೀರಿ. ನಾನೇ ಓದ್ತೀನಿ," ಎಂದು ಕಾಗದ ಎತ್ತಿಕೊಂಡು ಹೋದಳು.

ಮೆಚ್ಚುಗೆಯ ಒಂದು ಮಾತಾದರೂ ಸಿಕ್ಕೀತೆಂದು ತುಸು ಹೊತ್ತು ಬಿಟ್ಟು ಕಾಫಿ ಹಿಡಿದು ಹೋದೆ. ಹೊಲಿಗೆ ಯಂತ್ರದ ಮೇಲೆ ಕೆನ್ನೆಯಿಟ್ಟು ಮಗುವಿನ ಹಾಗೆ ಮಲಗಿದ್ದಳು. ಬೆರಳು ಇನ್ನೂ ತಲೆಬರಹದ ಮೇಲೇ ಇತ್ತು.