ಛತ್ರಿ ಫ್ರಾಕಿನ ಡೊಂಕು ಅಂಚಿನವರ ಸನ್ನಿಧಿಗೆ

ಮಾನ್ಯ ಅಂಚಿನವರೇ,

ಒಂದೇ ಫ್ರಾಕಿನಲ್ಲಿ ಮುಂದೆ ಮೊಣಕಾಲಿನ ಮೇಲೂ ಪಕ್ಕದಲ್ಲಿ ಮೊಣಕಾಲಿನ ಕೆಳಗೂ ಏಕಕಾಲಕ್ಕೆ ವಿರಾಜಮಾನರಾಗಿರುವ ತಮಗೆ, ತಮ್ಮನ್ನು ಹೊಲಿದ ನತದೃಷ್ಟಳ ಅನಂತಾನಂತ ನಮಸ್ಕಾರಗಳು. ಇತ್ತ ನಾನು ಕ್ಷೇಮ, ಹೆಬ್ಬೆರಳಿಗೆ ಸೂಜಿ ಚುಚ್ಚಿದ ಗಾಯವೂ ಮಾಯುತ್ತಿದೆ. ಖಾಸಗಿಯಾಗಿ ತಮಗೆ ಎಷ್ಟೋ ಸಲ ಬಿಚ್ಚಿ ಹೇಳಿದೆ, ಮಡಚಿ ಹೇಳಿದೆ, ಇಸ್ತ್ರಿ ಒತ್ತಿಯೂ ಹೇಳಿದೆ. ತಾವು ಕೇಳಲಿಲ್ಲವಾದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ, ಕ್ಷಮೆಯಿರಲಿ.

ತಮ್ಮ ಹುಟ್ಟಿನ ಹಿನ್ನೆಲೆ ತಮಗೆ ಮರೆತಿರುವಂತಿದೆ. ನನ್ನ ಅಣ್ಣನ ಮಗಳು, ಒಂದು ಕಡೆ ನಿಂತವಳೇ ಅಲ್ಲವೆಂಬ ಕಾರಣಕ್ಕೆ ಮನೆಮಂದಿಯಿಂದ ಬುಗುರಿ ಎಂದು ಕರೆಸಿಕೊಳ್ಳುವವಳು, ಶಾಲೆಯ ವಾರ್ಷಿಕೋತ್ಸವದ ಸಮೂಹಗೀತೆಗೆ ಮೊದಲ ಸಾಲಿನಲ್ಲಿ ಆಯ್ಕೆಯಾಗಿ, ಗಿರ್ರನೆ ತಿರುಗಿದರೆ ಛತ್ರಿಯಂತೆ ಬಿಚ್ಚಿಕೊಳ್ಳುವ ಫ್ರಾಕೇ ಬೇಕೆಂದು ಹಟ ಹಿಡಿದಳು. ಅತ್ತಿಗೆ ಅಂಗಡಿಗೆ ಹೋಗಿ ತರುತ್ತೇನೆಂದು ಚಪ್ಪಲಿ ಮೆಟ್ಟಿಯೂ ಆಗಿತ್ತು. ಆಗ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವಳು ನಾನು. "ಅಯ್ಯೋ, ಅದೇನು ಮಹಾ ಅತ್ತಿಗೆ, ನಾನೇ ಹೊಲೀತೀನಿ ಬಿಡಿ" ಎಂದುಬಿಟ್ಟೆ. ಮರುದಿನವೇ ಬುಗುರಿ "ನಮ್ಮತ್ತೆ ಛತ್ರಿ ಫ್ರಾಕ್ ಹೊಲ್ಕೊಡ್ತಾರೆ" ಎಂದು ಇಡೀ ತರಗತಿಗೆ ಸಾರಿ ಬಂದಳು. ಅಲ್ಲಿಗೆ ನನ್ನ ಮಾನ ತಮ್ಮ ಕೈ ಸೇರಿತು.

ಫ್ರಾಕಿನ ಉಳಿದ ಅವಯವಗಳ ಮೇಲೆ ನನ್ನ ದೂರಿಲ್ಲ. ಕತ್ತು, ತೋಳು, ಬೆನ್ನ ಮೇಲಿನ ಗುಂಡಿ, ಎಲ್ಲರೂ ಸಂಭಾವಿತರು. ತಮ್ಮ ಸರದಿ ಬಂದಾಗ ನಾನು ಬುಗುರಿಯನ್ನು ನಡುಮನೆಯಲ್ಲಿ ನಿಲ್ಲಿಸಿ, ನೆಲದ ಮೇಲೆ ಅಳತೆಕೋಲನ್ನು ನೆಟ್ಟಗೆ ಹಿಡಿದು, ಅದರ ತುದಿ ಬಟ್ಟೆಗೆ ಮುಟ್ಟಿದಲ್ಲೆಲ್ಲ ಚಾಕ್‌ಪೀಸಿನಿಂದ ಗುರುತು ಹಾಕುತ್ತ ಮಂಡಿಯೂರಿಕೊಂಡೇ ಅವಳನ್ನು ಸುತ್ತಿದೆ. ನಾನು ಮುಂಭಾಗಕ್ಕೆ ಬಂದಾಗಲೆಲ್ಲ ಅವಳು "ಎಲ್ಲಿ ಅತ್ತೆ, ನೋಡೋಣ" ಎಂದು ಬಗ್ಗುತ್ತಿದ್ದಳು. ಮಗು ಬಗ್ಗಿದರೆ ಮುಂದಿನ ಬಟ್ಟೆ ಇಳಿಯುತ್ತದೆ, ಆಗ ಹಾಕಿದ ಗುರುತು ಅವಳು ನೆಟ್ಟಗಾದ ಕೂಡಲೇ ಮೇಲೇರುತ್ತದೆ ಎಂಬುದು ತಮಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತುಟಿ ಬಿಚ್ಚಲಿಲ್ಲ. ಕತ್ತರಿಸಿ, ಮಡಚಿ, ಹೊಲಿದು ತೊಡಿಸಿ ನೋಡಿದರೆ ತಾವು ಮುಂದೆ ಗೂಡು ಸೇರಿ ಹಿಂದೆ ಕಾಲು ಚಾಚಿ ಮಲಗಿದ್ದಿರಿ. ಛತ್ರಿಯ ಅಂಚಾಗಬೇಕಿದ್ದ ತಾವು, ಆಡುಮಾತಿನಲ್ಲಿ ಎಂಥವರನ್ನು ಛತ್ರಿ ಎನ್ನುತ್ತಾರೋ ಅದೇ ಆದಿರಿ.

ಆಮೇಲೆ ನಡೆದದ್ದು ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ನ್ಯಾಯ. ಹಿಂದೆ ಕತ್ತರಿಸಿದೆ, ಎಡಗಡೆ ಜೋತಿತು. ಎಡಗಡೆ ಕತ್ತರಿಸಿದೆ, ಬಲಗಡೆಗೆ ಮುನಿಸು ಬಂತು. ಪೇಪರ್ ಓದುತ್ತಿದ್ದ ಅಣ್ಣ "ಇನ್ನೊಂದ್ಸಲ ಸಮ ಮಾಡಿದ್ರೆ ಅದು ಗೊಂಬೆಗೇ ಸರಿಹೋಗುತ್ತೆ ಕಣೇ" ಎಂದಾಗ ಕತ್ತರಿ ಕೆಳಗಿಟ್ಟೆ. ತಮ್ಮ ಮರ್ಯಾದೆ ಉಳಿಸಲು ಒಂದು ಸುಳ್ಳನ್ನೂ ಹೇಳಿದೆ: ನಡುಮನೆಯ ನೆಲ ಬಚ್ಚಲ ಕಡೆಗೆ ವಾಟವಾಗಿದೆ, ಡೊಂಕು ಇರುವುದು ಅಲ್ಲಿ, ಅಂಚಿನಲ್ಲಲ್ಲ ಎಂದೆ. ಒಗೆದ ಬಟ್ಟೆ ಮಡಚುತ್ತಿದ್ದ ಅತ್ತಿಗೆ ತಲೆಯನ್ನೂ ಎತ್ತದೆ "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಎಂದರು. ಸಂಜೆ ಹೊರಗೆ ಹೋಗಿ ರೆಡಿಮೇಡ್ ಫ್ರಾಕೊಂದನ್ನು ತಂದು, "ಯಾವುದಕ್ಕೂ ಒಂದಿರ್ಲಿ" ಎಂದು ಬೀರುವಿನಲ್ಲಿ ತಮ್ಮ ಪಕ್ಕದಲ್ಲೇ ನೇತುಹಾಕಿದರು. ಆ "ಯಾವುದಕ್ಕೂ" ಎಂಬ ಮಾತು ನನಗೆ ಸೂಜಿಗಿಂತ ಆಳಕ್ಕೆ ಚುಚ್ಚಿತು. ಅತ್ತೆ ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, ಬಚ್ಚಲ ಬಾಗಿಲು ಹಾಕಿಕೊಂಡು ಅದನ್ನೂ ಸಾರ್ಥಕ ಮಾಡಿದೆ.

ಆ ಸಂದರ್ಭದಲ್ಲಿ ತಮ್ಮ ಮುಂದೆ ಕೆಲವು ವಿನಮ್ರ ಬೇಡಿಕೆಗಳನ್ನು ಇಟ್ಟದ್ದು ತಮಗೆ ನೆನಪಿರಬಹುದು. ಗಿಡ್ಡವಿರುವ ಕಡೆ ದಯಮಾಡಿ ಬೆಳೆಯಬೇಕು. ಬಟ್ಟೆಗೆ ಬೆಳೆಯುವ ಅಭ್ಯಾಸವಿಲ್ಲದಿದ್ದರೆ ಶಾಲೆಯ ವೇದಿಕೆಯನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಓರೆಯಾಗಿಸಿಕೊಳ್ಳಬೇಕು. ಅದೂ ಆಗದಿದ್ದರೆ, ಅಷ್ಟೂ ಪ್ರೇಕ್ಷಕರಿಗೆ ಆ ಒಂದು ಹಾಡು ಮುಗಿಯುವತನಕ ಕತ್ತು ಉಳುಕಿರಬೇಕು. ಯಾವುದನ್ನೂ ತಾವು ನಡೆಸಿಕೊಡಲಿಲ್ಲ.

ವಾರ್ಷಿಕೋತ್ಸವದ ದಿನ ಅತ್ತಿಗೆ ಎರಡೂ ಫ್ರಾಕುಗಳನ್ನು ಮಂಚದ ಮೇಲೆ ಹಾಸಿಟ್ಟು "ಯಾವುದು ಬೇಕೋ ಹಾಕ್ಕೋ" ಎಂದರು. ನಾನು ಗೋಡೆ ನೋಡುತ್ತ ನಿಂತಿದ್ದೆ. ಬುಗುರಿ ತಮ್ಮನ್ನೇ ಎತ್ತಿಕೊಂಡಳು. ನನಗೆ ಖುಷಿಯಾಯಿತು, ಅದರ ಬೆನ್ನಿಗೇ ಭಯವೂ ಆಯಿತು, ಏಕೆಂದರೆ ಹಾಡಿನ ಟೀಚರು ಮಕ್ಕಳಿಗೆ ಕೈಕಟ್ಟಿ ಕಂಬದ ಹಾಗೆ ನಿಲ್ಲಬೇಕು, ಯಾರೂ ಅಲುಗಾಡಬಾರದು ಎಂದು ವಾರದಿಂದ ತಾಕೀತು ಮಾಡಿದ್ದರು. ಕಂಬದ ಹಾಗೆ ನಿಂತರೆ ತಮ್ಮ ಪ್ರತಾಪ ಕೊನೆಯ ಬೆಂಚಿಗೂ ಕಾಣುತ್ತಿತ್ತು.

ಪರದೆ ಸರಿಯಿತು, ಹಾಡು ಶುರುವಾಯಿತು, ಎಲ್ಲ ಮಕ್ಕಳೂ ಕಂಬವಾದರು. ನಮ್ಮವಳು ಮಾತ್ರ ತಿರುಗತೊಡಗಿದಳು. ಪಲ್ಲವಿಗೂ ತಿರುಗಿದಳು, ಚರಣಕ್ಕೂ ತಿರುಗಿದಳು, ಪಕ್ಕದ ಹುಡುಗಿಯ ಮುಖಕ್ಕೆ ಜಡೆ ಬಾರಿಸಿಯೂ ನಿಲ್ಲಲಿಲ್ಲ. ತಾವು ಅಗಲವಾಗಿ ಬಿಚ್ಚಿಕೊಂಡು ಅವಳ ಸುತ್ತ ಹಾರುತ್ತಿದ್ದಿರಿ. ಗಿಡ್ಡವೆಲ್ಲಿ, ಉದ್ದವೆಲ್ಲಿ, ದೇವರಾಣೆ ನನಗೇ ಗೊತ್ತಾಗಲಿಲ್ಲ. ಹಾಡು ಮುಗಿದ ಮೇಲೆ ಟೀಚರು ಎಲ್ಲರ ಎದುರಿಗೆ "ಒಂದು ನಿಮಿಷ ನೆಟ್ಟಗೆ ನಿಲ್ಲೋಕೆ ನಿಂಗೇನಮ್ಮಾ ರೋಗ?" ಎಂದು ಗದರಿದರು. ಅವಳು ತಮ್ಮನ್ನು ಎರಡೂ ಕೈಯಲ್ಲಿ ಮುದುಡಿ ಹಿಡಿದುಕೊಂಡು ತಲೆ ತಗ್ಗಿಸಿದಳು.

ಮನೆಗೆ ಬರುವಾಗ ತಲೆಸುತ್ತು ಬಂದು ನನ್ನ ಸೊಂಟಕ್ಕೆ ಆತುಕೊಂಡವಳನ್ನು "ಯಾಕೇ ಕಂದ, ಹಾಗೆ ತಿರುಗಿದೆ?" ಎಂದು ಕೇಳಿದೆ. "ನಿಂತ್ರೆ ಡೊಂಕು ಕಾಣುತ್ತೆ ಅತ್ತೆ," ಎಂದಳು. "ನೀನು ಹೊಲಿದಿದ್ದು ಅಂತ ಎಲ್ರಿಗೂ ಹೇಳ್ಬಿಟ್ಟಿದ್ನಲ್ಲ."

ಮಾನ್ಯರೇ, ತಮ್ಮ ಡೊಂಕನ್ನು ಮುಚ್ಚಲು ಆ ಮಗು ಬೈಸಿಕೊಂಡಿತು. ಇದನ್ನು ನಾನು ಮರೆಯುವುದಿಲ್ಲ, ತಾವೂ ಮರೆಯಬಾರದು. ಮುಂದಿನ ಫ್ರಾಕಿಗೆ ಗುರುತು ಹಾಕುವಾಗ ಅವಳ ಎದುರಿಗೆ ನಿಲುವುಗನ್ನಡಿ ಇಡುತ್ತೇನೆ, ಬಗ್ಗದೆಯೇ ನೋಡಿಕೊಳ್ಳಲಿ. ಅವಳು ಎಷ್ಟು ಬೇಕಾದರೂ ತಿರುಗಲಿ, ಆದರೆ ಬೇಕೆನಿಸಿದಾಗ ನಿಲ್ಲುವಂತಿರಬೇಕು. ಅಂಥದೊಂದನ್ನು ಹೊಲಿಯದೆ ನಾನು ಬಿಡುವುದಿಲ್ಲ.

ತಮ್ಮ ಮೇಲೆ ವಿಶ್ವಾಸವಿಟ್ಟು ಕೆಟ್ಟ,
ಆದರೂ ತಮ್ಮ ವಿಶ್ವಾಸಿ,
ಬುಗುರಿಯ ಅತ್ತೆ

ತಾ.ಕ.: ಬೀರುವಿನಲ್ಲಿ ತಮ್ಮ ನೆರೆಯವರಾದ ಆ ರೆಡಿಮೇಡ್ ಮಹಾಶಯರ ಅಂಚನ್ನು, ಅತ್ತಿಗೆ ಸ್ನಾನಕ್ಕೆ ಹೋಗಿದ್ದಾಗ ಟೇಪು ಹಿಡಿದು ಅಳೆದೆ. ಎಡಕ್ಕೂ ಬಲಕ್ಕೂ ಒಂದು ಬೆರಳಷ್ಟು ವ್ಯತ್ಯಾಸವಿದೆ. ಅತ್ತಿಗೆಗೆ ನಾನಾಗಿ ಹೇಳುವವಳಲ್ಲ. ಆದರೆ ಇದು ಬಹಿರಂಗ ಪತ್ರ, ಯಾರ್ಯಾರು ಓದುತ್ತಾರೋ ನಾನೇನು ಬಲ್ಲೆ. ಆ ಅಂಗಡಿಯವರ ನೆಲವೂ ಡೊಂಕಿರಬೇಕು, ಪಾಪ.