ಕ್ರಿಸ್ಮಸ್ಸಿನ ಮೇಜಿನ ಮೇಲೆ ಪುಂಡಿಪಲ್ಯ

ನಮ್ಮ ಸೋದರತ್ತೆಯನ್ನು ದಂಗುಬಡಿಸಬಲ್ಲ ವಸ್ತು ಈ ಭೂಮಿಯ ಮೇಲಿಲ್ಲ ಎಂದೇ ನಾನು ನಂಬಿದ್ದೆ. ಬಬಲೇಶ್ವರದಲ್ಲಿ ಹುಟ್ಟಿ ತಿಕೋಟಾಕ್ಕೆ ಸೊಸೆಯಾಗಿ ಹೋದ ಈಕೆ ಮೊದಲ ಸಲ ವಿಮಾನ ಹತ್ತಿದಾಗಲೂ "ಸೊಲ್ಲಾಪುರ ಬಸ್ಸಿನಷ್ಟ ಕುಲುಕಂಗಿಲ್ಲ ಬಿಡು" ಎಂದು ಒಣಗಿಸಿದ ಕಟಕ ರೊಟ್ಟಿಯ ಗಂಟು ಬಿಚ್ಚಿ, ಪಕ್ಕದ ಸೀಟಿನ ಅಪರಿಚಿತನ ಕೈಗೂ ಒಂದು ತುರುಕಿದವಳು. ಆತ ಬೇಡವೆಂದರೆ ಬಿಡುತ್ತಾಳೆಯೇ?

ನಾವು ಹೊರಟಿದ್ದು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪಕ್ಕೆ. ಅತ್ತೆಯ ಒಬ್ಬಳೇ ಮಗಳು ಅಲ್ಲಿ ನರ್ಸು. ಮದುವೆಯಾಗಿಲ್ಲ, ಹತ್ತಿರ ನಮ್ಮವರೆಂಬವರು ಒಬ್ಬರೂ ಇಲ್ಲ. ಆಕೆಯನ್ನು ಊರಿಗೆ ಕರೆತಂದೇ ತೀರುವುದೆಂದು ಅತ್ತೆಯ ಹಟ. ಮಗಳ ಸಾಮಾನು ತುಂಬಲಿಕ್ಕೆಂದು ಒಂದು ಖಾಲಿ ಚೀಲವನ್ನೂ ತಂದಿದ್ದಳು. ಇಂಗ್ಲಿಷ್ ಮಾತಾಡಲಿಕ್ಕೆ ಜೊತೆಗೆ ನಾನು.

ಇಳಿದದ್ದು ಕ್ರಿಸ್ಮಸ್ಸಿನ ಹಿಂದಿನ ದಿನ. ಡಿಸೆಂಬರಿನಲ್ಲೂ ಬೆವರು ಸುರಿಯುವಂಥ ಬಿಸಿಲು! ಓಣಿಯ ಮನೆಗಳಿಗೆಲ್ಲ ಹೊಸ ಬಣ್ಣ, ಹೊಸ ಪರದೆ. "ದೀಪಾವಳಿ ಮಾಡಾಕತ್ತಾರಲ್ಲ" ಎಂದು ಅತ್ತೆ ಒಪ್ಪಿಗೆ ಕೊಟ್ಟಳು. ಅಷ್ಟರಲ್ಲಿ ಮಗಳ ಪಕ್ಕದ ಮನೆಯ ಅಂಗಳ ಕಣ್ಣಿಗೆ ಬಿತ್ತು. ಒಬ್ಬ ಮುದುಕಿ ಕೆಂಪು ಪುಂಡಿ ಗಿಡಗಳ ರಾಶಿ ಹಾಕಿಕೊಂಡು, ಕಾಯಿಯ ಮೇಲಿನ ಕೆಂಪು ಪಕಳೆ ಬಿಡಿಸಿ ಪಾತ್ರೆಗೆ ಹಾಕುತ್ತ, ಎಲೆಯನ್ನೆಲ್ಲ ಕಸದ ಬುಟ್ಟಿಗೆ ಎಸೆಯುತ್ತಿದ್ದಳು!

ಆ ಹುಳಿ ಎಲೆಯ ಪುಂಡಿಪಲ್ಯವಿಲ್ಲದ ಊಟವನ್ನು ಊಟವೆಂದೇ ಎಣಿಸದ ನಮ್ಮ ಅತ್ತೆ ಎದೆಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಯವ್ವಾ, ತಪ್ಪಲಾ ಚೆಲ್ಲಾಕತ್ತೀಯಲ್ಲ, ತಲಿಗಿಲಿ ಕೆಟ್ಟೈತೇನ ನಿಂದು?" ಎಂದು ಅಚ್ಚ ಕನ್ನಡದಲ್ಲಿ ಗದರುತ್ತ ಬೇಲಿ ದಾಟಿ, ಸೆರಗಿನ ತುಂಬ ಎಲೆ ಬಾಚಿಕೊಂಡಳು. ಮುದುಕಿ ಏನು ತಿಳಿದಳೋ, ನಗುತ್ತ ಪಾತ್ರೆಯನ್ನೂ ಮುಂದೆ ಚಾಚಿದಳು. ಆ ಕೆಂಪು ಪಕಳೆಗೆ ಶುಂಠಿ ಹಾಕಿ ಕುದಿಸಿದ ಶರಬತ್ತು ಇಲ್ಲದಿದ್ದರೆ ಅಲ್ಲಿ ಕ್ರಿಸ್ಮಸ್ಸೇ ಇಲ್ಲವಂತೆ.

ಮರುದಿನ ಮುದುಕಿಯ ಮನೆಯಲ್ಲೇ ಹಬ್ಬದೂಟ. ಮೇಜಿನ ಮೇಲೆ ಕೆಂಪು ಶರಬತ್ತು, ಕರೀ ಕೇಕು, ನಡುವೆ ಅತ್ತೆಯ ಪುಂಡಿಪಲ್ಯ. ಅತ್ತೆ ಕೇಕಿನ ಎರಡು ತುಂಡು ಮುಗಿಸಿ, "ಒಣದ್ರಾಕ್ಷಿ ನಮ್ಮ ತಿಕೋಟಾದ್ದರಂಗ ಅದಾವ. ಇಷ್ಟ ಮೆತ್ತಗ ಹ್ಯಾಂಗ ಆದೂ?" ಎಂದಳು.

"ತಿಂಗಳಗಟ್ಟಲೆ ರಮ್ಮಿನ್ಯಾಗ ನೆನಸಿರ್ತಾರ, ಅವ್ವಾ" ಎಂದಳು ಮಗಳು.

ನಾನು ಅತ್ತೆಯ ಮುಖ ನೋಡಿದೆ. ಸಾರಾಯಿ ಅಂಗಡಿ ಕಂಡರೆ ಸಾಕು, ರಸ್ತೆಯ ಆಚೆ ಬದಿಗೆ ದಾಟಿ ನಡೆಯುವ ಹೆಂಗಸು ಈಕೆ! ಅತ್ತೆ ಬೆರಳಿಗಂಟಿದ ಕೇಕಿನ ಚೂರನ್ನು ಮೂಸಿ ನೋಡಿದಳು.

"ಹೊಟ್ಟ್ಯಾಗ ಹೋಗಿದ್ದಂತೂ ತಿರುಗಿ ಬರಂಗಿಲ್ಲ. ಇನ್ನೊಂದ ತುಂಡ ಹಾಕು."

ಆದರೆ ಮುದುಕಿ ಎಲ್ಲರಿಗಿಂತ ಮೊದಲು ಮಗಳ ತಟ್ಟೆಗೆ ಬಡಿಸಿದ್ದನ್ನು ಅತ್ತೆ ಗಮನಿಸಿದ್ದಳು. ಮನೆಗೆ ಬಂದ ಮೇಲೆ ಕಾರಣ ಕೇಳಿದಳು. ಹೋದ ಮಳೆಗಾಲದಲ್ಲಿ ತಾನು ಜ್ವರ ಬಂದು ಮಲಗಿದಾಗ ಆ ಮುದುಕಿಯೇ ಗಂಜಿ ಕುಡಿಸಿ, ಮಗ್ಗುಲಲ್ಲೇ ಮಲಗುತ್ತಿದ್ದಳೆಂದು ಮಗಳು ಹೇಳಿದಳು.

"ನನಗ್ಯಾಕ ಹೇಳಲಿಲ್ಲ ಮಗಳ?"

"ಹೇಳಿದ್ದರ ಅವತ್ತ ಚೀಲಾ ತಗೊಂಡು ಬರ್ತಿದ್ದಿ."

ಅತ್ತೆ ಎದ್ದು ಖಾಲಿ ಚೀಲವನ್ನು ಮಂಚದ ಕೆಳಗೆ ಸರಿಸಿದಳು.

ಹೊರಡುವ ದಿನ ಅತ್ತೆ ಮುದುಕಿಯನ್ನು ಕುರ್ಚಿಯ ಮೇಲೆ ಕೂಡಿಸಿ, ಹೂವಿನ ಫ್ರಾಕಿನ ಮಡಿಲು ಒಡ್ಡುವಂತೆ ಕೈಸನ್ನೆ ಮಾಡಿದಳು. ಕುಪ್ಪಸದ ಖಣ, ಅಕ್ಕಿ, ಅವರದೇ ಗಿಡದ ತೆಂಗಿನಕಾಯಿ ಹಾಕಿ ಉಡಿ ತುಂಬಿದಳು. ಬಳಿಕ ಮಗಳ ಕೈಯನ್ನೂ ಆ ಮಡಿಲಲ್ಲಿ ಇಟ್ಟಳು.

"ಇಕಿನ್ನ ನಿಮ್ಮ ಉಡ್ಯಾಗ ಹಾಕೇನ್ರಿ ಯಕ್ಕಾ. ನೋಡ್ಕೋರಿ."

ಇಂಗ್ಲಿಷಿನಲ್ಲಿ ಹೇಳಲೆಂದು ಬಾಯಿ ತೆರೆದೆ. ಮುದುಕಿ ಆಗಲೇ ತಲೆಯಾಡಿಸಿ, ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ವಿಮಾನದಲ್ಲಿ ಅತ್ತೆ ರೊಟ್ಟಿಯ ಗಂಟು ಬಿಚ್ಚಲಿಲ್ಲ. ಖಾಲಿ ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಊರು ಬರುವವರೆಗೂ ಅದನ್ನು ಸವರುತ್ತ ಕುಳಿತಿದ್ದಳು.